ವಿಮಾನದಿಂದ ಇಳಿಸಿದ್ದಕ್ಕೆ 10 ಲಕ್ಷ ರೂ. ಪರಿಹಾರ: ಏನಿದು ಜೀಜಾ ಘೋಷ್ ಪ್ರಕರಣ?

ವಿಕಲಚೇತನರ ಹಕ್ಕುಗಳ ಬಗ್ಗೆ ಮಾತು ಬಂದಾಗಲೆಲ್ಲ ಕೋಲ್ಕತ್ತಾದ ಜೀಜಾ ಘೋಷ್ ಪ್ರಕರಣ ಪ್ರಸ್ತಾಪವಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಅವರು ಹಕ್ಕುಗಳ ಹೋರಾಟಗಾರ್ತಿ.

2012ರ ಫೆಬ್ರವರಿ 19ರಂದು ಗೋವಾದ ಸಮ್ಮೇಳನಕ್ಕೆ ಹೊರಟಿದ್ದ ಅವರು ಕೋಲ್ಕತ್ತಾದಲ್ಲಿ ಸ್ಪೈಸ್‌ಜೆಟ್ ವಿಮಾನ ಹತ್ತಿ ಕುಳಿತಿದ್ದರು. ಟೇಕಾಫ್‌ಗೂ ಮುನ್ನ ಸಿಬ್ಬಂದಿ ಅವರನ್ನು ಕೆಳಗಿಳಿಸಿದರು. ಅವರ ಆರೋಗ್ಯದ ಬಗ್ಗೆ ಆತಂಕವಿತ್ತು ಎಂಬುದು ಸಂಸ್ಥೆಯ ವಾದವಾಗಿತ್ತು.

ಜೀಜಾ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2016ರ ಮೇ 12ರಂದು ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಆರ್.ಕೆ. ಅಗರ್ವಾಲ್ ಅವರ ಪೀಠ ತೀರ್ಪು ನೀಡಿತು. ವೈದ್ಯರ ಸಲಹೆಯನ್ನೂ ಪಡೆಯದೆ ಇಳಿಸಿದ್ದು ತಪ್ಪು, ಇದರಿಂದ ಆಕೆಯ ಘನತೆಗೆ ಧಕ್ಕೆಯಾಗಿದೆ ಎಂದ ಪೀಠ, 10 ಲಕ್ಷ ರೂ. ಪರಿಹಾರ ನೀಡುವಂತೆ ಸಂಸ್ಥೆಗೆ ಸೂಚಿಸಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಕಾಯ್ದೆ, 1995ರ ಕಾಯ್ದೆಯಲ್ಲಿದ್ದ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿದೆ. ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಶೇ. 3ರಿಂದ ಶೇ. 4ಕ್ಕೆ ಏರಿದೆ.

ಮುಖ್ಯವಾಗಿ, ವಿಕಲಚೇತನರಿಗೆ ಬೇಕಾದ ಸೂಕ್ತ ಅನುಕೂಲ ಕಲ್ಪಿಸಲು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಹೇಳುತ್ತದೆ. ಇಂಥ ಅನುಭವವಾದರೆ ಸುಮ್ಮನಿರಬೇಕಿಲ್ಲ. ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ವಿಚಾರಣೆ ವೇಳೆ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಿಕೊಳ್ಳಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.