ಕೋಳಿಗೆ ಕಾಳು ಹಾಕೋದೂ ನೌಕರಿಯಂತೆ!

ಬ್ರಿಟಿಷರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ವೈಸರಾಯ್, ಕಲೆಕ್ಟರು, ಟೋಪಿ ದೊರೆಗಳು. ಅದೇ ಕಾಲಕ್ಕೆ ಅವರ ಊರಿನ ಬಡವರು ಏನು ಉಣ್ಣುತ್ತಿದ್ದರು ಅಂತ ನಾವು ಯೋಚಿಸೋದು ಕಡಿಮೆ. ಎರಡು ಮಹಾಯುದ್ಧಗಳ ನಡುವಿನ ಇಂಗ್ಲೆಂಡಿನ ಬಗ್ಗೆ ಓದುತ್ತಿದ್ದಾಗ ‘ಮೀನ್ಸ್ ಟೆಸ್ಟ್’ ಅನ್ನೋ ಮಾತು ನನ್ನನ್ನು ಬಹಳ ಕಾಡಿತು.

ಹಿನ್ನೆಲೆ ಇಷ್ಟು. 1931ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಚಿನ್ನ ಕರಗುತ್ತಿದೆ ಅಂತ ಗಾಬರಿ. ನಿರುದ್ಯೋಗ ಭತ್ಯೆ ಕಡಿತ ಮಾಡಬೇಕೋ ಬೇಡವೋ ಅನ್ನೋ ಜಗಳದಲ್ಲಿ ಆಗಸ್ಟ್‌ನಲ್ಲಿ ಲೇಬರ್ ಸರ್ಕಾರ ಮುರಿದುಬಿತ್ತು. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮಾತ್ರ ಕುರ್ಚಿ ಬಿಡಲಿಲ್ಲ, ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷಗಳ ಜೊತೆ ಸೇರಿ ‘ರಾಷ್ಟ್ರೀಯ ಸರ್ಕಾರ’ ಕಟ್ಟಿದರು. (ಹೊಲಮನೆ ಕೆಲಸ ಮಾಡಿಕೊಂಡಿದ್ದ ಹೆಣ್ಣುಮಗಳ ಮಗ ಇವರು. ಲೇಬರ್ ಪಕ್ಷವನ್ನು ಬೆಳೆಸಿದವರಲ್ಲೇ ಒಬ್ಬರು!) ಗಂಡಸಿನ ವಾರದ ಭತ್ಯೆ 17 ಶಿಲ್ಲಿಂಗ್‌ನಿಂದ 15 ಶಿಲ್ಲಿಂಗ್ 3 ಪೆನ್ಸ್‌ಗೆ ಇಳಿಯಿತು.

ಅದಕ್ಕಿಂತ ಕೆಟ್ಟದ್ದು ನವೆಂಬರ್‌ನಲ್ಲಿ ಬಂತು. 26 ವಾರ ಮುಗಿದ ಮೇಲೂ ಕೆಲಸ ಸಿಗದವನು ಭತ್ಯೆ ಬೇಕು ಅಂದರೆ ಇಡೀ ಮನೆಯ ಲೆಕ್ಕ ಒಪ್ಪಿಸಬೇಕು. ಮಗಳ ಸಂಬಳ, ಅಜ್ಜನ ಪಿಂಚಣಿ, ಕೂಡಿಟ್ಟ ಪುಡಿಗಾಸು, ಎಲ್ಲವನ್ನೂ ಎಣಿಸಿ ಅಷ್ಟನ್ನು ಕಳೆಯೋರು.

“ಅದರಲ್ಲೇನು ತಪ್ಪು? ಮಗ ದುಡಿದು ಅಪ್ಪನಿಗೆ ಅನ್ನ ಹಾಕೋದಿಲ್ವೇ?” ಅಂತ ನಮ್ಮ ಕಡೆಯವರು ಕೇಳಬಹುದು. ಹಾಕ್ತಾನೆ. ಆದರೆ ಪ್ರೀತಿಯಿಂದ ಹಾಕೋದು ಬೇರೆ, ಸರ್ಕಾರ ಅವನ ಜೇಬು ಎಣಿಸಿ ಅಪ್ಪನ ಭತ್ಯೆ ಕತ್ತರಿಸೋದು ಬೇರೆ. ಈ ಅಪ್ಪ ಕೆಲಸ ಇದ್ದಾಗ ವಾರವಾರವೂ ವಿಮೆಯ ಕಂತು ಕಟ್ಟಿದವನು. ಈಗ ಮಗನ ಕೈ ನೋಡಬೇಕು. ಮಗನೋ, ತಾನು ಮನೇಲಿರೋದೇ ಅಪ್ಪನಿಗೆ ನಷ್ಟ ಅಂತ ಬೇರೆ ಕಡೆ ಕೋಣೆ ಹಿಡಿಯುತ್ತಿದ್ದ. ಕುಟುಂಬ ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಅಂತ ಮಾಡಿದ ಕಾನೂನು ಕುಟುಂಬವನ್ನೇ ಒಡೆಯಿತು!

ಜಾರ್ಜ್ ಆರ್ವೆಲ್ 1937ರಲ್ಲಿ ಬಂದ ‘ದ ರೋಡ್ ಟು ವಿಗನ್ ಪಿಯರ್’ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ವಾರಕ್ಕೆ ಹತ್ತು ಶಿಲ್ಲಿಂಗ್ ಪಿಂಚಣಿ ಬರೋ ಮುದುಕ ಮಕ್ಕಳ ಜೊತೆ ಇದ್ದರೆ ಮಕ್ಕಳ ಭತ್ಯೆಗೆ ಕತ್ತರಿ. ಹಾಗಾಗಿ ಎಪ್ಪತ್ತು ದಾಟಿದ ಜೀವ ಯಾರದೋ ಬಾಡಿಗೆ ಕೋಣೆ ಸೇರಬೇಕು. ಮೇಲಿಂದ ಚಾಡಿಕೋರರ ಕಾಟ. ಪಕ್ಕದ ಮನೆಯವರು ಊರಲ್ಲಿಲ್ಲದಾಗ ಅವರ ಕೋಳಿಗಳಿಗೆ ಕಾಳು ಹಾಕಿದ ಒಬ್ಬನ ಮೇಲೆ, ಇವನಿಗೆ ಕೋಳಿ ಸಾಕೋ ನೌಕರಿ ಇದೆ ಅಂತ ದೂರು ಹೋಯಿತಂತೆ. ಅದು ಸುಳ್ಳು ಅಂತ ತೋರಿಸೋಕೆ ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಗಬೇಕೋ ಅಳಬೇಕೋ...

ರಾದರ್‌ಹ್ಯಾಮ್ ಮತ್ತು ಡರ್ಹ್ಯಾಮ್‌ನ ಸ್ಥಳೀಯ ಸಮಿತಿಗಳು ಸ್ವಲ್ಪ ಕೈ ಸಡಿಲ ಬಿಟ್ಟಿದ್ದಕ್ಕೆ 1932ರಲ್ಲಿ ಅವುಗಳ ಅಧಿಕಾರ ಕಿತ್ತು ಲಂಡನ್ನಿನಿಂದ ಕಮಿಷನರುಗಳನ್ನು ಕೂರಿಸಿದರು. 1935ರ ಶುರುವಿನಲ್ಲಿ ಹೊಸ ದರಗಳು ಇನ್ನೂ ಕಡಿಮೆಯಾದಾಗ ಸೌತ್ ವೇಲ್ಸ್‌ನಲ್ಲಿ ಲಕ್ಷಗಟ್ಟಲೆ ಜನ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಅದೇ ವರ್ಷ ನವೆಂಬರ್‌ನ ಚುನಾವಣೆಯಲ್ಲಿ ಡರ್ಹ್ಯಾಮ್‌ನ ಗಣಿ ಕಾರ್ಮಿಕರ ಕ್ಷೇತ್ರ ಸೀಹ್ಯಾಮ್‌ನಲ್ಲಿ ಮ್ಯಾಕ್‌ಡೊನಾಲ್ಡ್ 20 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಇಡೀ ಮನೆಯ ಲೆಕ್ಕ ಕೇಳೋ ಪದ್ಧತಿ ಹೋಗಿದ್ದು 1941ರಲ್ಲಿ. ಅಷ್ಟು ಹೊತ್ತಿಗೆ ಯುದ್ಧ ಬಂದು, ಕೆಲಸ ಇಲ್ಲದವರನ್ನು ಹುಡುಕಬೇಕಾದ ಕಾಲ ಬರುತ್ತಿತ್ತು.