ಪಂಚಾಯಿತಿಯ ಲೆಕ್ಕದಲ್ಲಿ ಅಂಗವಿಕಲರ ಮನೆ: ಹಾಲ್ಕುರಿಕೆಯ ಸೀಮೆಯಿಂದ ಒಂದು ಅವಲೋಕನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಮನೆಯೆಂಬುದು ವಾಸಸ್ಥಾನ ಮಾತ್ರವಲ್ಲ, ಉಗ್ರಾಣವೂ ಹೌದು. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಸುತ್ತಿನ ಗ್ರಾಮಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಸುಮಾರು ಒಂದು ವರ್ಷ ಕಾಲ ಅಲ್ಲಿಯೇ ಒಣಗಲು ಬಿಟ್ಟು, ಅನಂತರ ಸುಲಿದು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುವುದು ರೂಢಿ. ಹಳೆಯ ಮನೆಯ ರಚನೆಯೂ ಈ ಬಾಳಿಗೆ ತಕ್ಕಂತೆಯೇ ಇದೆ: ಎತ್ತರದ ಜಗಲಿ, ದಪ್ಪನೆಯ ಹೊಸ್ತಿಲು, ಅಟ್ಟಕ್ಕೆ ಏಣಿ, ಹಿತ್ತಿಲ ಕಡೆಗೆ ಬಚ್ಚಲು. ಆದರೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದವನಿಗೆ, ಪೋಲಿಯೋದಿಂದ ಕಾಲು ಸೋತವಳಿಗೆ, ಇದೇ ಜಗಲಿಯೂ ಹೊಸ್ತಿಲೂ ದಾಟಲಾರದ ಗಡಿಗಳಾಗಿ ಪರಿಣಮಿಸುತ್ತವೆ. ಈ ತಡೆಯನ್ನು ನಿವಾರಿಸಲು ಸ್ಥಳೀಯ ಸಂಸ್ಥೆಗಳ ಹಣಕ್ಕೆ ಎಷ್ಟರಮಟ್ಟಿಗೆ ದಾರಿಯಿದೆಯೆಂಬುದನ್ನು ನಾವು ಇಲ್ಲಿ ಚಾರಿತ್ರಿಕವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಅಂಗವಿಕಲರ ಬಗೆಗಿನ ಸಾರ್ವಜನಿಕ ಕಾಳಜಿ ಮೊದಲು ಸಂಸ್ಥೆಗಳ ರೂಪದಲ್ಲಿ ಪ್ರಕಟವಾಯಿತು. ಮೈಸೂರಿನಲ್ಲಿ 1901ರಲ್ಲಿ ಸ್ಥಾಪಿತವಾದ ಕಿವುಡರ ಮತ್ತು ಅಂಧರ ಶಾಲೆ ಇದಕ್ಕೆ ನಿದರ್ಶನ. ಅಂಗವಿಕಲನು ಶಾಲೆಗೋ ಆಶ್ರಮಕ್ಕೋ ಬರತಕ್ಕವನೆಂದು ಭಾವಿಸಲಾಗಿತ್ತೇ ಹೊರತು, ಅವನ ಮನೆಯ ಕಡೆಗೆ ಗಮನ ಹರಿದಿರಲಿಲ್ಲ. ಜನಗಣತಿಯ ಇತಿಹಾಸವೂ ಇಲ್ಲಿ ಗಮನಾರ್ಹ. 1881ರಿಂದ 1931ರ ವರೆಗಿನ ಗಣತಿಗಳು ಅಂಗವೈಕಲ್ಯವನ್ನು ಒಂದಲ್ಲ ಒಂದು ರೀತಿಯಲ್ಲಿ ದಾಖಲಿಸಿದುವು. 1941ರಿಂದ 1971ರ ವರೆಗೆ ಆ ಪ್ರಶ್ನೆಯನ್ನೇ ಕೈಬಿಡಲಾಯಿತು. ಮೈಸೂರು ರಾಜ್ಯದ 1952ರ ಮತ್ತು 1959ರ ಪಂಚಾಯಿತಿ ಶಾಸನಗಳು ರೂಪುಗೊಂಡದ್ದು ಈ ಮೌನದ ಅವಧಿಯಲ್ಲಿಯೇ. ಗಣತಿಯಲ್ಲಿಲ್ಲದವರಿಗೆ ಆಯವ್ಯಯದಲ್ಲಿ ಸ್ಥಾನ ದೊರೆಯುವುದು ಕಷ್ಟ. 1981ರಲ್ಲಿ ಮರಳಿ ಬಂದ ಪ್ರಶ್ನೆ 1991ರಲ್ಲಿ ಮತ್ತೆ ಮರೆಯಾಗಿ, 2001ರಿಂದೀಚೆಗೆ ನೆಲೆನಿಂತಿತು. 2011ರ ಗಣತಿಯಂತೆ ಕರ್ನಾಟಕದಲ್ಲಿ ಇವರ ಸಂಖ್ಯೆ 13,24,205.

ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಪಟ್ಟಿಮಾಡಲಾಯಿತು. ಅದರಲ್ಲಿ ಗ್ರಾಮೀಣ ವಸತಿ 10ನೆಯದು. ಅಂಗವಿಕಲರ ಕಲ್ಯಾಣವನ್ನು ಒಳಗೊಂಡ ಸಮಾಜ ಕಲ್ಯಾಣ 26ನೆಯದು. ನಮ್ಮ ದೃಷ್ಟಿಯಲ್ಲಿ ಸಮಸ್ಯೆಯ ತಿರುಳು ಈ ವಿಂಗಡಣೆಯಲ್ಲಿಯೇ ಇದೆ. ಮನೆ ಒಂದು ಲೆಕ್ಕದಲ್ಲಿ, ಅಂಗವಿಕಲನು ಇನ್ನೊಂದು ಲೆಕ್ಕದಲ್ಲಿ. ಇವೆರಡೂ ಕೂಡುವ ಕಲಮು ಯಾವುದೆಂಬುದು ಸ್ಪಷ್ಟವಾಗಲಿಲ್ಲ.

ಅನಂತರ ಬಂದ ಶಾಸನಗಳು ಪಾಲಿನ ತತ್ತ್ವವನ್ನು ಹಿಡಿದುವು. 1995ರ ಅಧಿನಿಯಮವು ಬಡತನ ನಿರ್ಮೂಲನ ಯೋಜನೆಗಳಲ್ಲಿ ಶೇಕಡಾ 3ಕ್ಕೆ ಕಡಮೆಯಿಲ್ಲದ ಪಾಲನ್ನು ವಿಧಿಸಿತು. ಮನೆ ಕಟ್ಟಿಕೊಳ್ಳಲು ರಿಯಾಯಿತಿ ದರದಲ್ಲಿ ಆದ್ಯತೆಯ ಮೇಲೆ ನಿವೇಶನ ನೀಡುವ ಮಾತನ್ನೂ ಹೇಳಿತು. 2016ರ ಅಧಿನಿಯಮದ 37ನೆಯ ಪ್ರಕರಣವು ವಸತಿ ಹಂಚಿಕೆಯಲ್ಲಿ ಈ ಪಾಲನ್ನು ಶೇಕಡಾ 5ಕ್ಕೆ ಏರಿಸಿ, ಮಹಿಳೆಯರಿಗೆ ಆದ್ಯತೆ ಕೊಟ್ಟಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇಕಡಾ 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮವೂ ಇದೆ. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ವಸತಿಯ ಈ ವಿಧಿಗಳಲ್ಲಿ ಹೇಳಿರುವುದು ಹೊಸ ನಿವೇಶನದ ಅಥವಾ ಹೊಸ ಮನೆಯ ಹಂಚಿಕೆಯನ್ನು ಕುರಿತು. ಇರುವ ಮನೆಯ ಮಾರ್ಪಾಟನ್ನು ಕುರಿತಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಬಯಲುಸೀಮೆಯಲ್ಲಿ ಮನೆಯೊಂದಕ್ಕೆ 1,20,000 ರೂಪಾಯಿಗಳ ನೆರವನ್ನು ಗೊತ್ತುಪಡಿಸಿತು. ಅದು ಮನೆಯಿಲ್ಲದವರಿಗೆ ಮತ್ತು ಕಚ್ಚಾ ಮನೆಯವರಿಗೆ ಉದ್ದೇಶಿತವಾದುದು. ಅದಕ್ಕೆ ಆಧಾರವಾದ 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ, ಅಂಗವಿಕಲನಿದ್ದು ದುಡಿಯಬಲ್ಲ ಬೇರೆ ವಯಸ್ಕನಿಲ್ಲದ ಕುಟುಂಬವನ್ನು ಮಾತ್ರ ಆ ಕಾರಣದಿಂದ ವಂಚಿತವೆಂದು ಎಣಿಸಲಾಯಿತು. ಅಣ್ಣನ ಹೆಸರಿನಲ್ಲಿರುವ ಗಟ್ಟಿ ಮನೆಯಲ್ಲಿ, ಅಣ್ಣನ ದುಡಿಮೆಯ ಆಸರೆಯಲ್ಲಿ ಬಾಳುವ ತಮ್ಮನು ಈ ಎರಡು ಪಟ್ಟಿಗಳಿಂದಲೂ ಹೊರಗುಳಿಯುತ್ತಾನೆ. ಅವನಿಗೆ ಮನೆಯಿದೆ, ಆದರೆ ಆ ಮನೆಯ ಬಚ್ಚಲಿಗೆ ತಾನೇ ಹೋಗಲಾರ.

ಮಾರ್ಪಾಟಿನ ವೆಚ್ಚ ಕಡೆಗಣಿಸುವಷ್ಟು ಅಲ್ಪವೇನೂ ಅಲ್ಲ. ಗಾಲಿಕುರ್ಚಿಯ ಇಳಿಜಾರಿಗೆ 1ಕ್ಕೆ 12ರ ಪ್ರಮಾಣ ಅಂಗೀಕೃತವಾಗಿದೆ. ಒಂದೂವರೆ ಅಡಿ ಎತ್ತರದ ಜಗಲಿಗೆ 18 ಅಡಿ ಉದ್ದದ ಇಳಿಜಾರು ಬೇಕು, ಬಾಗಿಲನ್ನು ಅಗಲಿಸಬೇಕು, ಬಚ್ಚಲಿನಲ್ಲಿ ಹಿಡಿಕೆಗಳು ಬೇಕು. ಇತ್ತ ಪಂಚಾಯಿತಿಯ ಪಾಲನ್ನು ನೋಡಿ. ಉದಾಹರಣೆಗೆ, ಸ್ವಂತ ನಿಧಿ 10 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಶೇಕಡಾ 5 ಎಂದರೆ 50,000. ಅದನ್ನು ಐವತ್ತು ಮಂದಿಗೆ ಸಮವಾಗಿ ಹಂಚಿದರೆ ತಲೆಗೆ ಸಾವಿರ ರೂಪಾಯಿ; ಯಾರೂ ದೂರುವುದಿಲ್ಲ, ಯಾರ ಹೊಸ್ತಿಲೂ ತಗ್ಗುವುದಿಲ್ಲ. ಅದನ್ನೇ ವರ್ಷಕ್ಕೆ ಒಂದೆರಡು ಮನೆಗಳಿಗೆ ವಿನಿಯೋಗಿಸಿದರೆ ಕೆಲಸ ನಿಲ್ಲುತ್ತದೆ. ಆದರೆ ಉಳಿದವರಿಗೆ ಉತ್ತರ ಹೇಳುವ ಧೈರ್ಯ ಗ್ರಾಮಸಭೆಗೆ ಬೇಕಾಗುತ್ತದೆ.

ಇಂಗ್ಲೆಂಡಿನ ಅನುಭವ ಇಲ್ಲಿ ಹೋಲಿಕೆಗೆ ಯೋಗ್ಯ. ಅಲ್ಲಿ 1970ರ ಶಾಸನವು ಅಂಗವಿಕಲರ ಅಗತ್ಯಗಳನ್ನು ಅರಿಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1989ರ ಶಾಸನದಿಂದ ಮನೆಯ ಮಾರ್ಪಾಟಿಗೆಂದೇ ಪ್ರತ್ಯೇಕ ಅನುದಾನ ಏರ್ಪಟ್ಟಿತು. ಮಾಲೀಕನಂತೆ ಬಾಡಿಗೆದಾರನೂ ಅದಕ್ಕೆ ಅರ್ಜಿ ಹಾಕಬಹುದು. ಅರ್ಹತೆಯುಳ್ಳವರಿಗೆ ಅದನ್ನು ಕೊಡಲೇಬೇಕು. ಆ ದೇಶದ ಸಂಪತ್ತು ನಮ್ಮ ಗ್ರಾಮಗಳಿಗಿಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಆದರೆ ನಾವು ಕಲಿಯಬೇಕಾದುದು ಮೊಬಲಗನ್ನಲ್ಲ, ಮನೆಯ ಅಗತ್ಯವನ್ನು ಮೊದಲು ಅಳೆದು ಅನಂತರ ಹಣವನ್ನು ಗೊತ್ತುಮಾಡುವ ಕ್ರಮವನ್ನು.

ಎತ್ತಿ ಕೂರಿಸಲು ಮನೆಮಂದಿಯ ಕೈಗಳಿರುವಾಗ ಇಳಿಜಾರೇಕೆ ಎಂದು ಕೇಳುವವರುಂಟು. ಆ ಕೈಗಳ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಾಯಿಯ ಕೈಗೂ ಮುಪ್ಪು ಬರುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಸೇವೆಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ಇದೆ. ಅವರು ಅಂಗವಿಕಲರ ಹೆಸರುಗಳೊಡನೆ ಅವರ ಮನೆಗಳ ಜಗಲಿ, ಬಾಗಿಲು, ಬಚ್ಚಲುಗಳ ಅಳತೆಯನ್ನೂ ಬರೆದಿಡುವಂತಾದರೆ, 10ನೆಯ ಮತ್ತು 26ನೆಯ ವಿಷಯಗಳು ಒಂದೇ ಕಡತದಲ್ಲಿ ಕೂಡುತ್ತವೆ. ಹಾಲ್ಕುರಿಕೆಯಂತಹ ಗ್ರಾಮಗಳಲ್ಲಿ ಈ ಕಾರ್ಯವನ್ನು ಆರಂಭಿಸಲು ಹೊಸ ಶಾಸನದ ಅವಶ್ಯಕತೆಯಿಲ್ಲ; ಒಂದು ಅಳತೆಪಟ್ಟಿಯೂ ಗ್ರಾಮಸಭೆಯ ಒಂದು ನಿರ್ಣಯವೂ ಸಾಕು.