‘6-5=2’: ಅಲ್ಪವೆಚ್ಚದ ಭಯ ಮತ್ತು ನೋಡುಗರ ಅಭಿಪ್ರಾಯ

ಕೆ. ಎಸ್. ಅಶೋಕ ನಿರ್ದೇಶಿಸಿದ ‘6-5=2’, 2013ರ ನವೆಂಬರ್ 29ರಂದು ತೆರೆಕಂಡ ಕನ್ನಡದ ಅಲ್ಪವೆಚ್ಚದ ಭಯಾನಕ ಚಿತ್ರ. ಚಾರಣಕ್ಕೆ ಹೊರಟ ಆರು ಮಂದಿ ಗೆಳೆಯರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೇ ಚಿತ್ರವೆಂಬುದು ಇದರ ಕಥನಕ್ರಮ. 1999ರ ಅಮೆರಿಕನ್ ಚಿತ್ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ಮಾದರಿಯನ್ನು ಜನಪ್ರಿಯಗೊಳಿಸಿತ್ತು.

ನೋಡುಗರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಹೆಸರಾಂತ ತಾರೆಯರಿಲ್ಲದೆ, ಕಾಡಿನ ಕತ್ತಲು ಮತ್ತು ಸದ್ದುಗಳಿಂದಲೇ ಭಯ ಹುಟ್ಟಿಸಿದ್ದನ್ನು ಕೆಲವರು ಮೆಚ್ಚಿದರು. ಅಲುಗಾಡುವ ಕ್ಯಾಮೆರಾ ಮತ್ತು ಮೊದಲರ್ಧದ ದೀರ್ಘ ಹರಟೆ ಕೆಲವರಿಗೆ ಬೇಸರ ತಂದವು. ನೈಜ ಘಟನೆಯೆಂಬಂತೆ ನಡೆದ ಪ್ರಚಾರದಿಂದ, ನಂಬಬೇಕೋ ಬೇಡವೋ ಎಂಬ ಚರ್ಚೆಯೂ ಹುಟ್ಟಿತು. ಆ ಹರಟೆಯೂ ವ್ಯರ್ಥವಲ್ಲವೆಂದು ನಾವು ಭಾವಿಸುತ್ತೇವೆ: ಪರಿಚಿತರಾದವರಿಗೆ ಒದಗುವ ಆಪತ್ತೇ ನಮ್ಮನ್ನು ಹೆಚ್ಚು ನಡುಗಿಸುತ್ತದೆ.

2014ರಲ್ಲಿ ಈ ಚಿತ್ರ ಅದೇ ಹೆಸರಿನಿಂದ ಹಿಂದಿಯಲ್ಲಿ ಮರುನಿರ್ಮಾಣಗೊಂಡಿತು. ಗಡಿಭಾಗದ ನಮಗೆ ಈ ಸಂಗತಿ ಮುಖ್ಯ. 1929ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಹುಟ್ಟಿದ ಕೊಲ್ಹಾಪುರ ಚಲನಚಿತ್ರಕ್ಕೆ ಹೊಸದಲ್ಲ. ಆದರೆ ಇಲ್ಲಿಯೂ ಇಚಲಕರಂಜಿ, ಗಡಹಿಂಗ್ಲಜಗಳಲ್ಲಿಯೂ ಕನ್ನಡದ ಸಣ್ಣ ಚಿತ್ರಗಳು ತೆರೆಗೆ ಬರುವುದು ಅಪರೂಪ. ಕತ್ತಲ ಮಂದಿರದಲ್ಲಿ ಸಾಮೂಹಿಕವಾಗಿ ಅನುಭವಿಸಬೇಕಾದ ಭಯವು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಕುಗ್ಗುತ್ತದೆ. ಹಿಂದಿ ನಮಗೆ ಅರ್ಥವಾಗುತ್ತದೆ, ನಿಜ. ಆದರೆ ಹೆದರಿದಾಗ ಬಾಯಿಗೆ ಬರುವುದು ತಾಯ್ನುಡಿ. ಆದ್ದರಿಂದ ಕನ್ನಡ ಚಿತ್ರವೊಂದರ ಪ್ರೇಕ್ಷಕಾಭಿಪ್ರಾಯವನ್ನು ಅಳೆಯುವವರು ಗಡಿಯಾಚೆಯ ಈ ನೋಡುಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದಕ್ಕೂ ಮೊದಲು ಚಿತ್ರ ಅವರನ್ನು ತಲುಪಬೇಕು.